ದನದ ಡಾಕ್ಟರಮ್ಮನ ಅಂಚೆಚೀಲ: ಮರಲಾಲ್‌ ಊರಿನ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ಕುರಿಗಳ ಹಿರೇಬ್ಯಾನಿ (ಪಿಪಿಆರ್ ಎಂಬ ಅಂಟುರೋಗ) ಲಸಿಕೆ ಬಗ್ಗೆ ಬರೆಯುತ್ತ, ಮಗಳ ಮನೆಗೆಂದು ನೈರೋಬಿಗೆ ಹೋದಾಗ ಕೀನ್ಯಾದ ಉತ್ತರಕ್ಕಿರುವ ಮರಲಾಲ್‌ ಎಂಬ ದನಗಾಹಿಗಳ ಊರನ್ನೂ ನೋಡಿಬಂದೆ ಎಂದು ಎರಡು ಸಾಲು ಸೇರಿಸಿದ್ದೆ. ಲಸಿಕೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಕಾಗದ, ವಾಟ್ಸ್‌ಆ್ಯಪ್‌ ಎಲ್ಲ ಆಫ್ರಿಕಾದ ಮೇಲೆಯೇ. ಆಗಲಿ, ಕುರಿಗೆ ಲಸಿಕೆ ಹಾಕಿಸಿ, ಆಮೇಲೆ ಮುಂದೆ ಓದ್ರಿ.

ಕೀನ್ಯಾಕ್ಕೆ ಹೋದವರೆಲ್ಲ ಸಫಾರಿಗೆ ಹೋಗುತ್ತಾರೆ. ನೀವು ಆ ಸಣ್ಣ ಊರಿಗೆ ಯಾಕೆ ಹೋದಿರಿ? ಅಲ್ಲಿ ನೋಡುವಂಥದ್ದು ಏನಿದೆ?
– ನಿವೃತ್ತ ಶಿಕ್ಷಕರು, ಬೀದರ್

ನೌಕರಿಯುದ್ದಕ್ಕೂ ದನದ ಬಾಯಿ ತೆರೆಸಿ ಹಲ್ಲು ನೋಡಿದವಳು ನಾನು, ಮಾಸ್ತರರೇ. ಸಿಂಹದ ಬಾಯಿ ನೋಡುವ ಆಸೆ ಇರಲಿಲ್ಲ. ದನ ಸಾಕುವವರ ಊರು ನೋಡಬೇಕಿತ್ತು.

ಮರಲಾಲ್‌ ಸಂಬುರು ಕೌಂಟಿಯ ಕೇಂದ್ರ. ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದಿಟ್ಟುಕೊಳ್ಳಿ. ಆದರೆ ಜಿಲ್ಲಾ ಕೇಂದ್ರವೆಂದು ಬೀದರನ್ನು ನೆನೆಯಬೇಡಿ, ಚಿಟಗುಪ್ಪದಷ್ಟು ಊರು. ಪೇಟೆ ರಸ್ತೆಯ ಎರಡೂ ಕಡೆ ತಗಡಿನ ಮಾಡಿನ ಅಂಗಡಿಗಳು: ಮೊಬೈಲ್‌ ರಿಪೇರಿ, ಮಣಿಸರ, ಹಳೇ ಟೈರು ಕತ್ತರಿಸಿ ಮಾಡಿದ ಚಪ್ಪಲಿ. ಪಶು ಔಷಧದ ಅಂಗಡಿ ಕಂಡಿದ್ದೇ ಒಳಗೆ ಹೊಕ್ಕು ಕಪಾಟು ನೋಡುತ್ತ ನಿಂತೆ. ಜಂತಿಗೆ ಕೊಡುವ ಆಲ್ಬೆಂಡಜೋಲ್‌, ಉಣ್ಣಿಗೆ ಹೊಡೆಯುವ ಔಷಧ, ಆಕ್ಸಿಟೆಟ್ರಾಸೈಕ್ಲಿನ್‌ ಬಾಟಲಿ, ಎಲ್ಲ ನನ್ನ ಹಳೇ ಪರಿಚಯದವೇ. ಊರಂಚಿಗೆ ಬಂದರೆ ದನಗಳು ಮೇಯುವ ಕಡೆಯಲ್ಲೇ ಕಾಡಿನ ಪಟ್ಟೆಕುದುರೆಗಳೂ ಮೇಯುತ್ತಿರುತ್ತವೆ. ಯಾರೂ ತಲೆ ಎತ್ತಿ ನೋಡುವುದಿಲ್ಲ.

ಚಹಾದ ಅಂಗಡಿಯಲ್ಲಿ ನಾನು ದನದ ಡಾಕ್ಟರ್‌ ಎಂದು ನಮ್ಮ ಡ್ರೈವರ್‌ ಹೇಳಿದ್ದೇ ತಡ, ಕೆಂಪು ಶುಕಾ ಹೊದ್ದಿದ್ದ ಹಿರಿಯರೊಬ್ಬರು ಕೇಳಿದರು, ‘ನಿನ್ನ ಹತ್ತಿರ ಎಷ್ಟು ದನ?’ ಒಂದೂ ಇಲ್ಲ ಎಂದೆ. ಒಂದೂ ದನ ಇಲ್ಲದವಳು ದನದ ಡಾಕ್ಟರ್‌ ಹೇಗಾದಾಳು ಎಂಬ ಅನುಮಾನ ಅವರಿಗೆ ಕೊನೆವರೆಗೂ ಹೋಗಲಿಲ್ಲ.

ನೋಡುವುದಿದ್ದರೆ ಸಂತೆ ನೋಡಿ. ಮರಲಾಲ್‌ನಿಂದ ದಕ್ಷಿಣಕ್ಕೆ, ರುಮುರುತಿ ರಸ್ತೆಯ ಮೇಲೆ, ಸುಗುತಾ ಮಾರ್ಮಾರ್‌ ಎಂಬಲ್ಲಿ ಜಾನುವಾರು ಸಂತೆ ಸೇರುತ್ತದೆ. ನಮ್ಮಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾನಲ್ಲ, ಅಲ್ಲಿ ಟವೆಲ್ಲಿಲ್ಲ. ದಲ್ಲಾಳಿ ಮಾತ್ರ ಇದ್ದೇ ಇದ್ದಾನೆ. ದನಗಳು ಗಿಡ್ಡ, ಹಿಣಲು ಉಳ್ಳವು, ನಮ್ಮ ದೇವಣಿ ತಳಿಯ ಮುಂದೆ ಭಾಳ ಸಣ್ಣ ಮೈಕಟ್ಟು. ದುಡ್ಡು ಹೆಚ್ಚಾಗಿ ಫೋನಿನಿಂದ ಫೋನಿಗೆ ಹೋಗುತ್ತದೆ. ಅವರ ಎಂ-ಪೆಸಾ ಶುರುವಾದದ್ದು 2007ರಲ್ಲಿ. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಎಂ-ಪೆಸಾಕ್ಕೆ ಸ್ಮಾರ್ಟ್‌ಫೋನೂ ಬೇಡ, ಗುಂಡಿ ಒತ್ತುವ ಫೋನಿದ್ದರೆ ಸಾಕು.

ಚರಿತ್ರೆ ಬೇಕೆಂದರೆ ಕೀನ್ಯಾಟ ಅವರ ಮನೆ ಇದೆ. ಸ್ವಾತಂತ್ರ್ಯಕ್ಕೆ ಮುಂಚೆ, 1961ರಲ್ಲಿ, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಜೋಮೊ ಕೀನ್ಯಾಟರನ್ನು ಬ್ರಿಟಿಷರು ಬಿಡುಗಡೆಗೆ ಮೊದಲು ಇಟ್ಟಿದ್ದ ಮನೆ ಅದು. 1990ರಿಂದ ಒಂಟೆ ಓಟದ ಪಂದ್ಯವೂ ನಡೆದುಬಂದಿದೆ. ಫೋಟೊ ಮಾತ್ರ ಕೇಳದೆ ತೆಗೆಯಬೇಡಿ. ನಮ್ಮತ್ತೆ ಹಾಲು ಹಿಂಡುವಾಗ ಯಾರಾದರೂ ಬಂದು ಮುಖಕ್ಕೆ ಕ್ಯಾಮೆರಾ ಹಿಡಿದಿದ್ದರೆ ಚೆಂಬು ಎಸೆಯುತ್ತಿದ್ದರು.

ಆಫ್ರಿಕಾದ ಬಿಸಿಲು ನಮ್ಮ ಕಲಬುರಗಿ ಬಿಸಿಲಿಗಿಂತ ಜೋರಾ?
– ಗೃಹಿಣಿ, ಕಲಬುರಗಿ

ಸ್ವೆಟರ್‌ ಒಯ್ಯಿರಿ ಅಕ್ಕಾ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್‌ ಮೇಲಿದ್ದರೆ ಮರಲಾಲ್‌ 1,900ಕ್ಕೂ ಮೇಲೆ, ಲೆರೋಗಿ ಪ್ರಸ್ಥಭೂಮಿಯಲ್ಲಿ. ಸಮಭಾಜಕ ವೃತ್ತ ಅಲ್ಲೇ ಪಕ್ಕದಲ್ಲಿದ್ದರೂ ರಾತ್ರಿ ಕಂಬಳಿ ಬೇಕು. ಇನ್ನೂ ಉತ್ತರಕ್ಕೆ ಇಳಿದು ತುರ್ಕಾನಾ ಸರೋವರದ ಕಡೆ ಹೋದರೆ ನಮಗೆ ಸರಿಸಾಟಿಯಾದ ಬಿಸಿಲು ಸಿಗುತ್ತದೆ. ಗಾಳಿಯೂ ಅಷ್ಟೇ; ಆ ಗಾಳಿಗಾಗಿಯೇ ಅಲ್ಲಿ 365 ಗಾಳಿಯಂತ್ರ ನಿಲ್ಲಿಸಿದ್ದಾರೆ.

ಹೇಗೆ ಹೋಗುವುದು? ಏನೇನು ಕಾಗದಪತ್ರ ಬೇಕು?
– ಬ್ಯಾಂಕ್‌ ನೌಕರರು, ಯಾದಗಿರಿ

ಯಾದಗಿರಿಯಲ್ಲಿ ಉದ್ಯಾನ್‌ ಹತ್ತಿ ಮುಂಬೈಗೆ, ಅಲ್ಲಿಂದ ನೈರೋಬಿಗೆ ನೇರ ವಿಮಾನ, ಆರು ಗಂಟೆಯ ಹಾದಿ. ವೀಸಾ ಬದಲು 2024ರ ಜನವರಿಯಿಂದ ಆನ್‌ಲೈನ್‌ ಪ್ರಯಾಣ ಅನುಮತಿ ಬಂದಿದೆ, ಹೊರಡುವ ಮೊದಲೇ ತೆಗೆದಿಡಿ. ನೈರೋಬಿಯಿಂದ ಮಟಾಟು ವ್ಯಾನು ನ್ಯಾಹುರುರು, ರುಮುರುತಿ ಮೇಲೆ ಹೋಗುತ್ತದೆ. ಹಗಲಲ್ಲೇ ಮುಟ್ಟುವಂತೆ ಮುಂಜಾನೆ ಬೇಗ ಬಿಡಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಆ ಹಳದಿ ಚೀಟಿ ಇಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ಮನುಷ್ಯರ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವವರು ಅರಿವೆಯಲ್ಲಿ ಕಟ್ಟಿ. ಪ್ಲಾಸ್ಟಿಕ್‌ ಕ್ಯಾರಿಬ್ಯಾಗನ್ನು ಕೀನ್ಯಾ 2017ರಲ್ಲೇ ನಿಷೇಧಿಸಿದೆ. ದಂಡ ನಮ್ಮಂತೆ ಹೆಸರಿಗಲ್ಲ, ಜೈಲೂ ಇದೆ. ಇನ್ನೊಂದು: ವ್ಯಾನು ಎಷ್ಟು ಗಂಟೆಗೆ ಎಂದು ಕೇಳಿದಾಗ ಸ್ವಾಹಿಲಿಯಲ್ಲಿ ‘ಒಂದು ಗಂಟೆ’ ಎಂದರೆ ಮುಂಜಾನೆ ಏಳು. ಅವರ ಎಣಿಕೆ ಹೊತ್ತು ಹುಟ್ಟಿದಾಗಿನಿಂದ. ಯಾವ ಗಡಿಯಾರ ಎಂದು ಎರಡು ಸಲ ಕೇಳಿ.

ನಮ್ಮ ಮನೆಯಲ್ಲಿ ತತ್ತಿ ಕೂಡ ಮುಟ್ಟುವುದಿಲ್ಲ. ಅಲ್ಲಿ ಉಪವಾಸವೇ ಗತಿಯೇ?
– ಓದುಗರು, ಬಸವಕಲ್ಯಾಣ

ಯಾಕ್ರೀ ಉಪವಾಸ? ಚಪಾತಿ ಮತ್ತು ಹೆಸರುಕಾಳಿನ ಪಲ್ಯ ಪ್ರತಿ ಖಾನಾವಳಿಯಲ್ಲೂ ಸಿಗುತ್ತದೆ. ಕೀನ್ಯಾದಲ್ಲಿ ಚಪಾತಿ ಬೇರೂರಿದ್ದು ನಮ್ಮವರಿಂದ. 1896ರಿಂದ 1901ರವರೆಗೆ ಅಲ್ಲಿ ರೈಲುಹಳಿ ಹಾಕಲು ಬ್ರಿಟಿಷರು ಸುಮಾರು 32,000 ಭಾರತೀಯರನ್ನು ಒಯ್ದಿದ್ದರು. ಗೋವಿನಜೋಳ ಮತ್ತು ಅವರೆಯಂಥ ಕಾಳು ಕುದಿಸಿದ ಗಿಥೇರಿ ಇದೆ, ಮುದ್ದೆಯಂಥ ಉಗಾಲಿ ಇದೆ, ಜೊತೆಗೆ ಸೊಪ್ಪು. ಸೊಪ್ಪಿಗೆ ಮಾಂಸದ ಸಾರು ಬಿದ್ದಿದೆಯೇ ಎಂದು ಕೇಳಿಕೊಳ್ಳಿ. ಚಹಾ ಹಾಲಿನಲ್ಲೇ ಕುದಿಸಿದ್ದು, ಛಲೋ ಇರುತ್ತದೆ.

ಜೋಳದ ರೊಟ್ಟಿ ಮಾತ್ರ ಕನಸಿನಲ್ಲಿ. ಬಿಳಿಜೋಳದ ಕುಲ ಹುಟ್ಟಿದ್ದೇ ಆಫ್ರಿಕಾದಲ್ಲಿ, ಸುಡಾನಿನ ಪೂರ್ವ ಭಾಗದಲ್ಲಿ. ಅದನ್ನು ನಮ್ಮ ತಟ್ಟೆಗೆ ಕಳಿಸಿ, ಮರಲಾಲ್‌ನವರು ಅಮೆರಿಕದಿಂದ ಬಂದ ಗೋವಿನಜೋಳದ ಹಿಟ್ಟು ತಿರುವುತ್ತ ಕೂತಿದ್ದಾರೆ.

ಅವರು ದನದ ರಕ್ತ ಕುಡಿಯುತ್ತಾರಂತೆ, ನಿಜವೇ? ದನ ಸಾಯುವುದಿಲ್ಲವೇ?
– ಪದವಿ ವಿದ್ಯಾರ್ಥಿ, ಸೇಡಂ

ನಿಜ, ಸಾಯುವುದಿಲ್ಲ. ಕೊರಳಿಗೆ ಹಗ್ಗ ಬಿಗಿದಾಗ ಕತ್ತಿನ ರಕ್ತನಾಳ ಉಬ್ಬುತ್ತದೆ. ಆಳಕ್ಕೆ ಹೋಗದಂತೆ ತುದಿಯ ಹಿಂದೆ ತಡೆ ಕಟ್ಟಿದ ಗಿಡ್ಡ ಬಾಣವನ್ನು ಹತ್ತಿರದಿಂದ ಬಿಡುತ್ತಾರೆ. ಬೇಕಾದಷ್ಟು ಹಿಡಿದುಕೊಂಡು ಹಗ್ಗ ಸಡಿಲಿಸಿದರೆ ರಕ್ತ ನಿಲ್ಲುತ್ತದೆ. ಪರೀಕ್ಷೆಗೆಂದು ನಾವು ಸೂಜಿ ಚುಚ್ಚುವುದೂ ಅದೇ ನಾಳಕ್ಕೆ. ಅದನ್ನು ದಿನಾ ಕುಡಿಯುತ್ತಾರೆ ಎಂದುಕೊಳ್ಳಬೇಡ ತಮ್ಮಾ. ಹಾಲು ಬತ್ತಿದ ಕಾಲಕ್ಕೆ, ಬಾಣಂತಿಗೆ, ಕೆಲವು ವಿಧಿಗಳಿಗೆ. ನಿತ್ಯದ್ದು ಹಾಲು, ಈಗೀಗ ಹಾಲಿಗಿಂತ ಹೆಚ್ಚು ಹಿಟ್ಟು. ಹಾಲಿನ ಸೋರೆ ಬುರುಡೆಯನ್ನು ಕೆಂಡ ಆಡಿಸಿ ಶುದ್ಧ ಮಾಡುವುದರಿಂದ ಹಾಲಿಗೆ ಹೊಗೆಯ ವಾಸನೆ ಇರುತ್ತದೆ. ನನಗೆ ಇಷ್ಟವಾಯಿತು, ನನ್ನ ಮಗಳಿಗೆ ಇಲ್ಲ.

ಅಕ್ಕಾರ, ಇಲ್ಲಿ ಕುರಿ ಸತ್ರ ಇನ್ಸೂರೆನ್ಸ್‌ ರೊಕ್ಕ ತೊಗೊಳ್ಳೂದ್ರಾಗ ನಾವೇ ಸಾಯ್ತೀವಿ. ಅಲ್ಲಿ ಮಳಿ ಹೋದ್ರ ಅವರು ಏನ್‌ ಮಾಡ್ತಾರ?
– ಕುರಿಗಾರರು, ಶಹಾಪುರ

ಎಲ್ಲ ಕಾಗದಗಳಲ್ಲಿ ನನಗೆ ಹಿಡಿಸಿದ್ದು ನಿಮ್ಮದು, ಅಣ್ಣಾರ.

ಅವರಿಗೆ ವರ್ಷಕ್ಕೆ ಎರಡು ಮಳೆಗಾಲ: ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌. 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ಕೀನ್ಯಾ ಒಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಅಂಥ ಕಾಲಕ್ಕೆ ಅವರ ಹಳೇ ಉಪಾಯ ನಿಮಗೆ ಗೊತ್ತಿದ್ದದ್ದೇ: ಹಿಂಡು ಒಡೆಯುವುದು. ಹಾಲು ಕೊಡುವ ನಾಲ್ಕು ದನ ಮನೆಯ ಹತ್ತಿರ, ಉಳಿದವನ್ನು ಹುಡುಗರು ಮೇವಿದ್ದಲ್ಲಿಗೆ ದೂರ ಹೊಡೆದುಕೊಂಡು ಹೋಗುತ್ತಾರೆ. ಹೊಸ ಉಪಾಯ ಒಂಟೆ. ಸಂಬುರು ಜನ ಮೊದಲಿಂದ ದನದವರು. ಒಂಟೆ ಸಾಕುವುದು ಪಕ್ಕದ ರೆಂಡಿಲೆ ಜನರ ಕಸುಬು. ಒಂಟೆ ಗಿಡದ ತುದಿ ಮೇಯ್ದು ದಿನಗಟ್ಟಲೆ ನೀರಿಲ್ಲದೆ ಇರುತ್ತದೆ, ಬರದಲ್ಲೂ ಹಾಲು ಬಿಡುತ್ತದೆ. ಹಾಗಾಗಿ ಕೌಂಟಿ ಸರ್ಕಾರವೇ 2015ರಿಂದ ಒಂಟೆ ಹಂಚುತ್ತ ಬಂದಿದೆ.

ಇನ್ನು ವಿಮೆ. ನಮ್ಮಲ್ಲಿ ಕಿವಿ ಓಲೆ ಇರಬೇಕು, ಸತ್ತ ಮೇಲೆ ಡಾಕ್ಟರ್‌ ಬಂದು ಕೊಯ್ದು ನೋಡಬೇಕು, ಫೋಟೊ ಬೇಕು, ಸರ್ಟಿಫಿಕೇಟ್‌ ಬೇಕು. ಗುಡ್ಡದ ಮೇಲೆ ಸತ್ತ ಕುರಿಗೆ ರಾತ್ರಿಯೊಳಗೆ ನಾಯಿ ಬಾಯಿ ಹಾಕಿದರೆ ಕೇಸೇ ಮುಗಿಯಿತು. ಅಂಥ ಎಷ್ಟೋ ಸರ್ಟಿಫಿಕೇಟಿಗೆ ನಾನೇ ಸಹಿ ಮಾಡಿದ್ದೇನೆ, ಅದರ ಗೋಳು ಗೊತ್ತು. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಬೇರೆ ದಾರಿ ಹಿಡಿದರು. ಸತ್ತ ದನ ಎಣಿಸುವುದೇ ಇಲ್ಲ. ಉಪಗ್ರಹ ಮೇಲಿನಿಂದ ಆ ಸೀಮೆಯ ಹಸಿರು ಅಳೆಯುತ್ತದೆ. ಹಸಿರು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗೆ ಬಿತ್ತೆಂದರೆ ಆ ಸೀಮೆಯಲ್ಲಿ ವಿಮೆ ಕಟ್ಟಿದವರಿಗೆಲ್ಲ ದುಡ್ಡು. ಮುಂದೆ ಅದನ್ನು ಇನ್ನೂ ತಿದ್ದಿ, ದನ ಸಾಯುವ ಮೊದಲೇ, ಮೇವು ನೀರು ಕೊಳ್ಳಲು ಕೈಗೆ ಸಿಗುವಂತೆ ಮಾಡಿದರು.

ಊನ ಇಲ್ಲವೆಂದಲ್ಲ. ಉಪಗ್ರಹಕ್ಕೆ ಹುಲ್ಲೂ ಹಸಿರೇ, ಜಾಲಿಯೂ ಹಸಿರೇ. ನಮ್ಮ ಬಳ್ಳಾರಿ ಜಾಲಿ ಇದೆಯಲ್ಲ, ಅದೇ ಕೀನ್ಯಾದ ಬರಿಂಗೊ ಕಡೆ ಹಬ್ಬಿ ಜನರಿಗೆ ಸಾಕುಬೇಕಾಗಿದೆ. ಅದರ ಕಾಯಿ ತಿಂದು ಹಲ್ಲು ಹಾಳಾದ ಆಡನ್ನೇ ಅಲ್ಲಿಯವರು ಸಾಕ್ಷಿಯೆಂದು ನೈರೋಬಿ ಕೋರ್ಟಿಗೆ ಒಯ್ದಿದ್ದರು. ನಿಮ್ಮ ಬೇನೆಗೂ ಈ ವಿಮೆ ಉತ್ತರವಲ್ಲ. ಹಿರೇಬ್ಯಾನಿಗೆ ಸತ್ತ ಕುರಿ ಉಪಗ್ರಹಕ್ಕೆ ಕಾಣುವುದಿಲ್ಲ. ಆದರೆ ಬರದ ವರ್ಷಕ್ಕೆ ನಮ್ಮ ಯಾದಗಿರಿ ಸೀಮೆಯಲ್ಲಿ ಇದನ್ನು ಮಾಡಿ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರ ದನಗಳಿಗೂ ನಮ್ಮ ದನಗಳಿಗೂ ಏನಾದರೂ ಸಂಬಂಧವಿದೆಯೇ ಮೇಡಂ?
– ಪಶುವೈದ್ಯ ವಿದ್ಯಾರ್ಥಿನಿ, ಬೀದರ್

ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದು ಸಾಹಿವಾಲ್‌. 1930ರ ದಶಕದ ಕೊನೆಯಿಂದ ಇಲ್ಲಿಂದ ಅಲ್ಲಿಗೆ ಹೋರಿಗಳು ಹೋದವು, ನೈವಾಶಾದಲ್ಲಿ ಇಂದಿಗೂ ಅವುಗಳ ತಳಿಕೇಂದ್ರವಿದೆ. ಮಸಾಯಿ ದನಗಾಹಿಗಳು ತಮ್ಮ ಗಿಡ್ಡ ಆಕಳಿಗೆ ಸಾಹಿವಾಲ್‌ ಹೋರಿ ಕೂಡಿಸಿ ಹಾಲು, ತೂಕ ಎರಡನ್ನೂ ಹೆಚ್ಚಿಸಿಕೊಂಡಿದ್ದಾರೆ.

ಕೆಟ್ಟದ್ದು ದೊಡ್ಡರೋಗ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್‌ ಎನ್ನುವ ದನಗಳ ಪಿಡುಗು. 1880ರ ದಶಕದ ಕೊನೆಗೆ ಇಟಲಿಯ ಸೇನೆಗೆಂದು ಹಡಗಿನಲ್ಲಿ ಹೋದ ಭಾರತದ ದನಗಳ ಜೊತೆ ಅದು ಎರಿಟ್ರಿಯಾ ಹೊಕ್ಕಿತೆಂದು ಬಹಳ ಚರಿತ್ರಕಾರರು ಹೇಳುತ್ತಾರೆ. ಹತ್ತು ವರ್ಷದೊಳಗೆ ದಕ್ಷಿಣ ಆಫ್ರಿಕಾ ಮುಟ್ಟಿತು. ದನವನ್ನೇ ನಂಬಿದ ಮಸಾಯಿ, ಸಂಬುರು ಜನ ಹಸಿವಿನಿಂದ ಸತ್ತರು. ಆ ರೋಗವನ್ನು ಮುಗಿಸಿದ ಲಸಿಕೆಯೂ ಕೀನ್ಯಾದಲ್ಲೇ ಹುಟ್ಟಿತು: ಮುಗುಗಾ ಪ್ರಯೋಗಾಲಯದಲ್ಲಿ ವಾಲ್ಟರ್‌ ಪ್ಲೌರೈಟ್‌ ಸಿದ್ಧಪಡಿಸಿದ್ದು. ಜಗತ್ತಿನ ಕೊನೆಯ ಪ್ರಕರಣ 2001ರಲ್ಲಿ ಕೀನ್ಯಾದ ಕಾಡೆಮ್ಮೆಗಳಲ್ಲಿ ಕಂಡಿತು, 2011ರಲ್ಲಿ ರೋಗ ನಿರ್ಮೂಲವೆಂದು ಸಾರಿದರು. ನೀನು ಕಲಿಯುತ್ತಿರುವ ಪುಸ್ತಕದಲ್ಲಿ ಇದು ಒಂದು ಪ್ಯಾರಾ ಇರಬಹುದು. ಚಹಾದಂಗಡಿಯ ಆ ಹಿರಿಯರು ತಮ್ಮ ಅಜ್ಜನ ಕಾಲದ ಈ ಸಾವನ್ನು ಮೊನ್ನೆ ಆದಂತೆ ಹೇಳಿದರು.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?
– ವಿದ್ಯಾರ್ಥಿನಿ, ಸುರಪುರ

ಮರಲಾಲ್‌ ತನಕ ಹಗಲು ಹೊತ್ತು, ಗುರುತಿನವರು ಇದ್ದರೆ ಹೋಗಬಹುದಮ್ಮಾ. ಅದರಾಚೆ ಬರಗೋಯಿ ಕಡೆಗೆ ಸುಮ್ಮನೆ ಹೊರಡಬೇಡ. ದನ ಕದಿಯುವ ಜಗಳಕ್ಕೆ ಅಲ್ಲಿ ಬಂದೂಕು ಬಂದು ಬಹಳ ಕಾಲವಾಯಿತು. 2012ರಲ್ಲಿ ಆ ಭಾಗದಲ್ಲಿ ಕದ್ದ ದನ ಬಿಡಿಸಲು ಹೋದ 40ಕ್ಕೂ ಹೆಚ್ಚು ಪೊಲೀಸರನ್ನು ಕೊಂದರು. 2023ರಲ್ಲಿ ಸರ್ಕಾರ ಸೈನ್ಯವನ್ನೇ ಕಳಿಸಿತು. ಹೊರಡುವ ದಿನ ಊರಿನವರನ್ನೇ ಕೇಳು. ಬೇಡ ಎಂದರೆ ಬೇಡ.

ಆಫ್ರಿಕಾದ ತೊಗರಿ ಬಂದು ನಮ್ಮ ದರ ಬೀಳಿಸುತ್ತಿದೆ. ನೀವು ಹೋದ ಊರಿನವರೇ ಬೆಳೆಯುವುದೇ?
– ರೈತರು, ಆಳಂದ

ಅವರ ಮೇಲೆ ಸಿಟ್ಟಾಗಬೇಡಿ, ಅವರು ದನ ಕಾಯುವವರು. ಕೀನ್ಯಾದ ತೊಗರಿ ಮಚಾಕೋಸ್‌, ಮಕುವೇನಿ ಕಡೆಯದು. ನಿಮ್ಮ ಮಂಡಿಯನ್ನು ಕಾಡುವುದು ಮುಖ್ಯವಾಗಿ ಮೊಜಾಂಬಿಕ್‌, ಟಾಂಜಾನಿಯಾ, ಮಲಾವಿಯ ತೊಗರಿ.

ದೇವಣಿ ಹೋರಿಯ ಗೊರಸು ಸೀಳಿದೆ ಎಂದು ಬರೆದ ಭಾಲ್ಕಿಯವರು ಮುಂದಿನ ಸಂಚಿಕೆಗೆ ಕಾಯಬಾರದು. ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗ್ರಿ.