ಪೊಲೀಸರು ಬರುವ ತನಕ ಯಾರಿರುತ್ತಾರೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು, ಊರು ಎರಡನ್ನೂ ಬೇಕೆಂದೇ ಬಿಟ್ಟಿದ್ದೇವೆ. ವಿಷಯ ಇಷ್ಟು. ಮಗಳು ಬಿಕಾಂ ಕೊನೆಯ ವರ್ಷ. ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾಳೆ. ಪಕ್ಕದ ಊರಿನ ಹುಡುಗನೊಬ್ಬ ಕೆಲವು ತಿಂಗಳಿಂದ ಹಿಂದೆ ಬಿದ್ದಿದ್ದಾನೆ. ಮೊದಲು ಬರೀ ಮೆಸೇಜು, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು, ಈಗ "ನನಗೆ ಸಿಗದಿದ್ರೆ ಯಾರಿಗೂ ಸಿಗಬಾರದು" ಅನ್ನುವ ಬೆದರಿಕೆ. ಠಾಣೆಗೆ ಹೋದರು. ಪೊಲೀಸರು ಹುಡುಗನನ್ನು ಕರೆಸಿ, ಬೈದು, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. "ಇನ್ನೇನೂ ಆಗಲ್ಲ. ಏನಾದ್ರೂ ಆದ್ರೆ ಫೋನ್ ಮಾಡಿ" ಎಂದು ಒಬ್ಬ ಪೇದೆ ತಮ್ಮ ಮೊಬೈಲ್ ನಂಬರ್ ಕೊಟ್ಟರು. ಮನೆ ಯಜಮಾನರಿಗೆ ಸಮಾಧಾನವಾಯಿತು. ತಾಯಿಗೆ ಮಾತ್ರ ನಿದ್ದೆ ಇಲ್ಲ. "ಪೊಲೀಸರನ್ನು ನಂಬಿ ಕೂತರೆ ಸಾಕಾ? ದೊಡ್ಡ ಮಗನಿಗೆ ಹೇಳಿ ಅವನಿಗೆ ನಾಲ್ಕು ಏಟು ಹಾಕಿಸಲಾ? ಪೆಪ್ಪರ್ ಸ್ಪ್ರೇ ಕೊಡಿಸಲಾ? ಇಲ್ಲಾ ಕಾಲೇಜೇ ಬಿಡಿಸಿಬಿಡಲಾ?" ಎಂದು ಕೇಳಿದ್ದಾರೆ.

ಅಕ್ಕಾ,

ಸಾಕಾಗುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ. ಪೊಲೀಸರನ್ನು ಬಿಟ್ಟುಬಿಡಿ ಅಂತ ಇದರ ಅರ್ಥ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬ ಯುವತಿಯನ್ನು ಬೆಳಗಿನ ಜಾವ ಮನೆಗೇ ಬಂದು ಇರಿದು ಕೊಂದದ್ದು ನಿಮಗೂ ನೆನಪಿರಬೇಕು. ಬೆದರಿಕೆ ಇದೆ ಎಂದು ಮನೆಯವರು ಮೊದಲೇ ಠಾಣೆಗೆ ಹೋಗಿ ಹೇಳಿದ್ದರು. ಅಲ್ಲಿ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕೊಲೆಯಾದ ಮೇಲೆ ಇನ್‌ಸ್ಪೆಕ್ಟರ್ ಅಮಾನತಾದರು, ಮೇಲಿನ ಅಧಿಕಾರಿಗೂ ಬಿಸಿ ತಟ್ಟಿತು, ತನಿಖೆ ಸಿಐಡಿಗೆ ಹೋಯಿತು. ಎಲ್ಲವೂ ಆಯಿತು, ಆದರೆ ಆಮೇಲೆ ಆಯಿತು.

ಇದರಲ್ಲಿ ಕೆಲವರ ಉದಾಸೀನ ಇತ್ತು, ನಿಜ. ಆದರೆ ಒಳ್ಳೆಯ ಪೊಲೀಸರು ಇದ್ದ ಕಡೆಯೂ ಒಂದು ಮಿತಿ ಇರುತ್ತದೆ. ನಮ್ಮ ದೇಶದಲ್ಲಿ ಒಂದು ಲಕ್ಷ ಜನಕ್ಕೆ ನಿಜವಾಗಿ ಕೆಲಸದಲ್ಲಿರುವ ಪೊಲೀಸರು 150ರ ಆಸುಪಾಸು. ಅವರಲ್ಲೇ ಕೋರ್ಟ್ ಡ್ಯೂಟಿ, ಸಮನ್ಸ್ ಹಂಚುವವರು, ಮಂತ್ರಿಗಳು ಬಂದರೆ ಬಂದೋಬಸ್ತ್, ಗಣೇಶನ ಹಬ್ಬಕ್ಕೆ ಬಂದೋಬಸ್ತ್, ಚುನಾವಣೆಗೆ ಬಂದೋಬಸ್ತ್. ಉಳಿದವರು ಪಾಳಿಯ ಮೇಲೆ. ನಿಮ್ಮ ಮಗಳು ಸಂಜೆ ಬಸ್ಸಿಳಿಯುವ ಹೊತ್ತಿಗೆ ಹೋಬಳಿ ಠಾಣೆಯಲ್ಲಿ ಎಷ್ಟು ಜನ ಇರುತ್ತಾರೆ, ಜೀಪು ಎಲ್ಲಿರುತ್ತದೆ, ಒಮ್ಮೆ ಹೋಗಿ ನೋಡಿ ಬನ್ನಿ. ಯಜಮಾನರನ್ನೂ ಕರೆದುಕೊಂಡು ಹೋಗಿ.

ಮನೆ ಮುಂದೆ ಒಬ್ಬ ಪೊಲೀಸರನ್ನು ಕೂರಿಸಿ ಅಂತ ಕೇಳಬಹುದಾ ಎಂದು ನಿಮ್ಮ ತಮ್ಮ ಹೇಳಿದರಂತೆ. ಅಂಥ ಕಾವಲು ಸಿಗುವುದು ಬೆರಳೆಣಿಕೆಯ ಜನಕ್ಕೆ. ಸಿಕ್ಕರೂ ಅದು ಬದುಕಿನ ಜೊತೆ ಹೊಂದುವುದಿಲ್ಲ. ನಿಮ್ಮ ಪಕ್ಕದ ಧಾರವಾಡದಲ್ಲೇ ಎಂ.ಎಂ. ಕಲಬುರ್ಗಿಯವರಿಗೆ ಪೊಲೀಸ್ ಕಾವಲು ಇತ್ತು. ಅವರೇ ಬೇಡವೆಂದು ತೆಗೆಸಿದ್ದರು. ಅದಾದ ಸ್ವಲ್ಪ ದಿನಕ್ಕೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಮನೆ ಬಾಗಿಲಲ್ಲೇ ಗುಂಡು ಹಾರಿತು. ನಾಡಿನ ದೊಡ್ಡ ವಿದ್ವಾಂಸರ ಮನೆಯ ಮಾತೇ ಹೀಗಾದರೆ ಹಳ್ಳಿಯ ಬಿಕಾಂ ಹುಡುಗಿಗೆ ಯಾರು ಗನ್‌ಮ್ಯಾನ್ ಕೊಡುತ್ತಾರೆ?

ತಮಾಷೆ ಅಂದರೆ, ಪೊಲೀಸರು ಎಲ್ಲ ಹೊತ್ತಿಗೂ ಒದಗುವುದಿಲ್ಲ ಎಂದು ಕಾನೂನೇ ಒಪ್ಪಿಕೊಂಡಿದೆ. 1860ರ ಐಪಿಸಿಯಲ್ಲೂ ಇತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಹೊಸದರಲ್ಲಿ 34ರಿಂದ 44ರವರೆಗಿನ ಕಲಂಗಳು ಪೂರ್ತಿ ಆತ್ಮರಕ್ಷಣೆಯ ಹಕ್ಕಿನವು. ಸರಕಾರಿ ಅಧಿಕಾರಿಗಳ ರಕ್ಷಣೆ ಕೇಳುವಷ್ಟು ಸಮಯ ಇದ್ದರೆ ಈ ಹಕ್ಕು ನಿಮಗಿಲ್ಲ ಎನ್ನುತ್ತದೆ 37ನೇ ಕಲಂ. ಅಂದರೆ ಸಮಯ ಇಲ್ಲದ ಹೊತ್ತಿನಲ್ಲಿ ಹಕ್ಕು ನಿಮ್ಮದೇ. ಪ್ರಾಣ ಹೋಗುವಂಥ ಹಲ್ಲೆ, ಅತ್ಯಾಚಾರ, ಅಪಹರಣ, ಆಸಿಡ್ ಎರಚುವುದು, ಇಂಥವು ಎದುರಾದರೆ ಆ ಹಕ್ಕು ಎದುರಿನವನ ಪ್ರಾಣ ತೆಗೆಯುವವರೆಗೂ ಹೋಗುತ್ತದೆ. ಏಟು ಬೀಳುತ್ತಿರುವಾಗ ಎಷ್ಟು ಹೊಡೆಯಲಿ ಎಂದು ಯಾರೂ ತೂಕ ಹಾಕಿ ಹೊಡೆಯಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮಗಳಿಗೆ ಇದನ್ನು ಓದಿ ಹೇಳಿ. ಕೈ ಎತ್ತಿದರೆ ತನ್ನ ಮೇಲೇ ಕೇಸಾಗುತ್ತದೆ ಅಂತ ನಮ್ಮ ಹುಡುಗಿಯರು ಹೆದರಿ ಕೂರುತ್ತಾರೆ.

ದೊಡ್ಡ ಮಗನ ವಿಷಯಕ್ಕೆ ಉತ್ತರವೂ ಇಲ್ಲೇ ಇದೆ. ಅವನು ಸ್ನೇಹಿತರನ್ನು ಕಟ್ಟಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆ ಅಲ್ಲ. ಠಾಣೆಗೆ ಹೋಗಲು ಸಮಯ ಇತ್ತಲ್ಲ! ಆಗ ಆ ಹುಡುಗ ದೂರುದಾರ, ನಿಮ್ಮ ಮಗ ಆರೋಪಿ. ಇಷ್ಟು ದಿನ ನೀವು ಹೇಳಿದ್ದೆಲ್ಲ "ಎರಡು ಕಡೆಯವರ ಜಗಳ" ಅಂತ ಆಗಿಬಿಡುತ್ತದೆ. ಬೇಡ.

ಪೆಪ್ಪರ್ ಸ್ಪ್ರೇ ಬೇಕಾದರೆ ಕೊಡಿಸಿ, ತಪ್ಪಿಲ್ಲ. ಆದರೆ ಮಾತಿನ ಜಗಳಕ್ಕೆಲ್ಲ ಅದನ್ನು ತೆಗೆಯುವಂತಿಲ್ಲ. 2024ರಲ್ಲಿ ಒಂದು ಗಲಾಟೆಯ ಪ್ರಕರಣದಲ್ಲಿ ಅದನ್ನು ಅಪಾಯಕಾರಿ ಆಯುಧ ಎಂದೇ ನೋಡಿದ ನಮ್ಮ ಹೈಕೋರ್ಟ್, ಕೇಸು ರದ್ದು ಮಾಡಲು ಒಪ್ಪಲಿಲ್ಲ. ಇನ್ನೊಂದು ಮಾತು. ವ್ಯಾನಿಟಿ ಬ್ಯಾಗಿನ ತಳದಲ್ಲಿ, ಟಿಫಿನ್ ಡಬ್ಬಿಯ ಕೆಳಗೆ ಬಿದ್ದಿರುವ ಸ್ಪ್ರೇ ಯಾವ ಕೆಲಸಕ್ಕೂ ಬರುವುದಿಲ್ಲ.

ಈಗ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಾಲಿಗೆ ಬರುತ್ತೇನೆ. "ಊರಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಹುಡುಗಿ ಹೆಸರು ಕೆಡುತ್ತದೆ, ನಾಳೆ ಸಂಬಂಧ ಬರಲ್ಲ" ಅಂತ ಬರೆದಿದ್ದೀರಿ.

ನೀವು ಹೇಳಿದ ದಾರಿಯನ್ನೇ ನೋಡೋಣ. ಸಂಜೆ ಬಸ್ಸು ಕ್ರಾಸಿನಲ್ಲಿ ಇಳಿಸುತ್ತದೆ. ಅಲ್ಲೊಂದು ಚಹಾದಂಗಡಿ, ಪಕ್ಕದಲ್ಲಿ ಪಂಕ್ಚರ್ ಹಾಕುವವನು. ಅಲ್ಲಿಂದ ಮನೆಗೆ ಒಂದು ಕಿಲೋಮೀಟರ್ ನಡಿಗೆ. ಎರಡೂ ಕಡೆ ಗೋವಿನಜೋಳ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್ ಹೊತ್ತಿಗೆ ಅದು ಆಳೆತ್ತರ ನಿಂತಿರುತ್ತದೆ. ಸಾಲಿನೊಳಗೆ ಒಬ್ಬ ನಿಂತಿದ್ದರೆ ಹತ್ತು ಹೆಜ್ಜೆ ದೂರಕ್ಕೂ ಕಾಣಲ್ಲ, ಬೈಕನ್ನೂ ಒಳಗೆ ತಳ್ಳಿ ಮರೆ ಮಾಡಬಹುದು. ಆ ಒಂದು ಕಿಲೋಮೀಟರ್‌ನಲ್ಲಿ ಠಾಣೆ ಇಲ್ಲ, 112ರ ಗಾಡಿ ಇಲ್ಲ. ಇರುವುದು ಯಾರು? ಚಹಾದಂಗಡಿಯವರು. ಎಮ್ಮೆ ಹೊಡಕೊಂಡು ಬರುವ ಮುದುಕ. ಪಂಪ್‌ಸೆಟ್ ಚಾಲೂ ಮಾಡಲು ಬಂದ ಹೊಲದವರು. ಅದೇ ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವವರು ಇವರೇ. ಆದರೆ ವಿಷಯ ಏನು ಅಂತ ಇವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆ ಹುಡುಗ ಇವಳ ಹಿಂದೆ ನಡೆದು ಬಂದರೆ "ಯಾರೋ ಪರಿಚಯದವನಿರಬೇಕು" ಅಂದುಕೊಂಡು ಸುಮ್ಮನಾಗುತ್ತಾರೆ.

ಠಾಣೆಯ ಪೊಲೀಸರು ದೂರ ಇದ್ದಾರೆ, ಅದು ನಿಮ್ಮ ಕೈಯಲ್ಲಿಲ್ಲ. ಹತ್ತಿರದ ಜನರನ್ನು ದೂರ ಇಟ್ಟಿರುವುದು ಮಾತ್ರ ನಿಮ್ಮ ಮನೆಯವರೇ. ಆ ಹುಡುಗನಿಗೆ ಇದು ಗೊತ್ತಿದೆ. ಮರ್ಯಾದೆಗೆ ಅಂಜಿ ಇವರು ಬಾಯಿ ಬಿಡಲ್ಲ ಅನ್ನುವ ಧೈರ್ಯದ ಮೇಲೇ ಅವನು ಇಷ್ಟು ದೂರ ಬಂದಿದ್ದಾನೆ. ಹೆಸರು ಕೆಡಬೇಕಾದದ್ದು ಅವನದು, ನಿಮ್ಮ ಮಗಳದ್ದು ಯಾಕೆ ಕೆಡುತ್ತದೆ ಹೇಳಿ? ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ, ಆಡಲಿ. ಸುಳ್ಳು ಸಮಾಧಾನ ಹೇಳುವುದಿಲ್ಲ, ಆ ಮಾತುಗಳಿಂದ ನೋವಾಗುತ್ತದೆ. ಆದರೂ ಹೇಳಿ.

ಡಂಗುರ ಸಾರಬೇಕಿಲ್ಲ. ಚಹಾದಂಗಡಿಯ ಅಕ್ಕನಿಗೆ ಹುಡುಗನ ಫೋಟೋ ತೋರಿಸಿ. ಸಂಜೆ ಬಸ್ಸಿನ ಕಂಡಕ್ಟರಿಗೆ ಹೇಳಿ, ಇವನು ಹತ್ತಿದರೆ ಗೊತ್ತಾಗಬೇಕು ಅಂತ. ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ. ಅಕ್ಕಪಕ್ಕದ ಎರಡು ಮನೆಗೆ ತಿಳಿಸಿ. ಬೆಳೆ ಎತ್ತರ ಇರುವ ತಿಂಗಳುಗಳಲ್ಲಿ ಕ್ರಾಸಿಗೆ ಯಾರಾದರೂ ಒಬ್ಬರು ಗಾಡಿ ತೆಗೆದುಕೊಂಡು ಹೋಗಿ, ಇಲ್ಲಾ ಆ ಇಬ್ಬರು ಹೆಂಗಸರ ಜೊತೆಗೇ ನಡೆಯಲಿ. ರಾತ್ರಿ, ಬೆಳಗಿನ ಜಾವ ಬಾಗಿಲು ತಟ್ಟಿದರೆ ಕಿಟಕಿಯಿಂದ ನೋಡಿ, ದನಿ ಕೇಳಿ, ಆಮೇಲೆ ತೆಗೆಯಿರಿ. ಹಳ್ಳಿಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿಸುವುದು ಸೊಕ್ಕು ಅನಿಸುತ್ತದೆ. ಅನಿಸಲಿ.

ಇನ್ನು ಪೊಲೀಸರ ಮಾತು. ಅವರಿಂದ ಕಾವಲು ಸಿಗದಿರಬಹುದು, ದಾಖಲೆ ಸಿಗಬೇಕು. ನಿಮ್ಮ ಬಳಿ ಈಗ ಏನಿದೆ? ಒಂದು ಬಿಳಿ ಹಾಳೆಯ ದೂರು, ಅದೂ ಠಾಣೆಯಲ್ಲೇ ಉಳಿಯಿತು. ನಿಮ್ಮ ಕೈಗೆ ಸ್ವೀಕೃತಿ ಇಲ್ಲ, ಹಿಂಬರಹ ಇಲ್ಲ. ನಾಳೆ "ಇವರು ಬಂದೇ ಇರಲಿಲ್ಲ" ಅಂದರೆ ಏನು ತೋರಿಸುತ್ತೀರಿ? ಮತ್ತೊಮ್ಮೆ ಹೋಗಿ, ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ದೂರಿನಲ್ಲಿ ಬರೀ "ತೊಂದರೆ ಕೊಡುತ್ತಿದ್ದಾನೆ" ಅಂತ ಬರೆಯಬೇಡಿ. ಬೇಡ ಅಂದ ಮೇಲೂ ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಹಿಂಬಾಲಿಸಿದ, ಯಾವ ನಂಬರಿನಿಂದ ಏನು ಕಳಿಸಿದ ಎಂದು ಬರೆಯಿರಿ. ಯಾಕೆಂದರೆ ಬರೀ ಬೆದರಿಕೆ ಅಂತ ಬರೆದರೆ ಅದು ಅಸಂಜ್ಞೇಯ, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ. "ಎನ್‌ಸಿ" ಅಂತ ಒಂದು ನಂಬರ್ ಕೊಟ್ಟು ಕೈ ತೊಳೆದುಕೊಳ್ಳಬಹುದು. ಹಿಂಬಾಲಿಸುವುದು ಹಾಗಲ್ಲ. ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದಾದದ್ದು. ಮೂರು ವರ್ಷದವರೆಗೆ ಶಿಕ್ಷೆ ಇದೆ. ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೆಯವರು ಒಪ್ಪದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿದೆ.

ಮುಚ್ಚಳಿಕೆಯ ಬಗ್ಗೆ ಯಜಮಾನರಿಗೆ ಜಾಸ್ತಿ ನಂಬಿಕೆ ಇದ್ದ ಹಾಗಿದೆ. ಠಾಣೆಯಲ್ಲಿ ಬರೆಸಿಕೊಂಡ ಕಾಗದ ಹೆದರಿಸಲು ಸರಿ, ಅದನ್ನು ಮುರಿದರೆ ಅದರಿಂದಲೇ ಏನೂ ಆಗುವುದಿಲ್ಲ. ಬೇಕಾದದ್ದು ತಹಶೀಲ್ದಾರರ ಮುಂದೆ ಬರೆಸುವ ಬಾಂಡು. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಕಲಂ ನೆನಪಿಟ್ಟು ಜನ ಈಗಲೂ "107 ಹಾಕಿಸೋದು" ಅನ್ನುತ್ತಾರೆ, ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಕಲಂ. ಒಂದು ವರ್ಷದವರೆಗೆ ಶಾಂತಿಯಿಂದ ಇರುತ್ತೇನೆ ಎಂದು ಅವನು ಬರೆದುಕೊಡಬೇಕು, ಜಾಮೀನುದಾರರನ್ನೂ ಕೇಳಬಹುದು. ಮುರಿದರೆ ದುಡ್ಡು ಮುಟ್ಟುಗೋಲು. ಜಾಮೀನು ನಿಂತ ಮಾವನೋ ಚಿಕ್ಕಪ್ಪನೋ ಅವನ ಕಿವಿ ಹಿಂಡುತ್ತಾರೆ, ಆ ಲಾಭವೂ ಇದೆ.

ಎಫ್‌ಐಆರ್ ಆದರೆ ಅವನು ಜೈಲಿಗೆ ಹೋಗುತ್ತಾನೆ ಅಂತ ಮಾತ್ರ ತಿಳಿಯಬೇಡಿ. ಮೊದಲ ಸಲ ಇದು ಜಾಮೀನು ಸಿಗುವ ಅಪರಾಧ, ಸಂಜೆಗೇ ಮನೆಗೆ ಬರಬಹುದು. ಬಂದವನಿಗೆ ಸಿಟ್ಟು ಇನ್ನೂ ಏರಿರುತ್ತದೆ. ದೂರು ಕೊಟ್ಟ ಮೇಲಿನ ಮೊದಲ ಕೆಲವು ವಾರಗಳೇ ಜಾಸ್ತಿ ಎಚ್ಚರ ಬೇಕಾದ ದಿನಗಳು. ನಿಮ್ಮ ಮನೆಯಲ್ಲಿ ಆಗಿರುವುದು ತದ್ವಿರುದ್ಧ. ದೂರು ಕೊಟ್ಟಾಯಿತು ಎಂದು ಅದೇ ವಾರ ಎಲ್ಲರೂ ಆರಾಮಾದರು.

ಆ ಪೇದೆ ಕೊಟ್ಟ ಮೊಬೈಲ್ ನಂಬರ್ ಇರಲಿ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬೇಕು. ಆದರೆ ಅವರಿಗೆ ವರ್ಗ ಆಗಬಹುದು, ಅವರು ರಜೆಯಲ್ಲಿರಬಹುದು, ಫೋನ್ ಸ್ವಿಚ್ ಆಫ್ ಇರಬಹುದು. ಅವಸರಕ್ಕೆ ಮೊದಲು 112. ಆ ಕರೆ ಕಂಟ್ರೋಲ್ ರೂಮಿಗೆ ಹೋಗಿ ಅಲ್ಲಿಂದ ಹತ್ತಿರದ ಗಾಡಿಗೆ ಹೋಗುತ್ತದೆ, ಕರೆ ಬಂದದ್ದು ದಾಖಲಾಗುತ್ತದೆ. ಅಲ್ಲಿ ಕೂತವರಿಗೆ ನಿಮ್ಮ ಕ್ರಾಸು ಗೊತ್ತಿರುವುದಿಲ್ಲ. ಊರು, ತಾಲ್ಲೂಕು, ಹತ್ತಿರದ ಗುರುತು ಇಷ್ಟನ್ನು ಒಂದೇ ಉಸಿರಿಗೆ ಹೇಳಲು ಮಗಳಿಗೆ ಅಭ್ಯಾಸ ಮಾಡಿಸಿ. ಮೆಸೇಜುಗಳನ್ನು ಅಸಹ್ಯ ಅಂತ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿ, ಮೂಲ ಫೋನನ್ನೂ ಮಾರಬೇಡಿ.

ಕಾಲೇಜು ಬಿಡಿಸಲಾ ಅಂದಿರಿ. ಬೇಡವೇ ಬೇಡ. ಹುಬ್ಬಳ್ಳಿಯಲ್ಲಿ ನಡೆದದ್ದು ಮನೆಯೊಳಗೆ. ಕಾಲೇಜಿನಲ್ಲಿ ನೂರು ಕಣ್ಣಿವೆ, ಮಧ್ಯಾಹ್ನದ ಹೊತ್ತು ಎಲ್ಲರೂ ಹೊಲಕ್ಕೆ ಹೋದ ಮೇಲೆ ನಿಮ್ಮ ಮನೆಯಲ್ಲಿ ಎಷ್ಟಿವೆ? ಜೊತೆಗೆ, ತಾನು ಹೆದರಿಸಿದರೆ ಇವರು ಓದನ್ನೇ ನಿಲ್ಲಿಸುತ್ತಾರೆ ಎಂದು ಅವನಿಗೆ ನೀವೇ ಕಲಿಸಿಕೊಟ್ಟ ಹಾಗಾಗುತ್ತದೆ.

ಮತ್ತೊಂದು, ಅಕ್ಕಾ. ಯಜಮಾನರು ಏನಂದರು, ತಮ್ಮ ಏನಂದ, ಮಗ ಏನಂದ ಎಲ್ಲ ಬರೆದಿದ್ದೀರಿ. ಮಗಳು ಏನಂದಳು ಅನ್ನುವುದು ಪತ್ರದಲ್ಲಿ ಎಲ್ಲೂ ಇಲ್ಲ. ಅವನು ಎಲ್ಲಿ ನಿಲ್ಲುತ್ತಾನೆ, ಯಾರ ಬೈಕು ತರುತ್ತಾನೆ, ಯಾವಾಗ ಕುಡಿದಿರುತ್ತಾನೆ, ಇದೆಲ್ಲ ಗೊತ್ತಿರುವುದು ಅವಳೊಬ್ಬಳಿಗೇ. ಕೂರಿಸಿಕೊಂಡು ಕೇಳಿ. "ನೀನೇನು ಮಾಡಿದ್ದಿ" ಅಂತ ಮಾತ್ರ ಶುರು ಮಾಡಬೇಡಿ.

ವಕೀಲರ ಖರ್ಚಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯವರು ಇರುತ್ತಾರೆ, ಫೋನಿನಲ್ಲಾದರೆ 15100. ಮಹಿಳಾ ಸಹಾಯವಾಣಿ 181. ದೂರು ಕೊಟ್ಟ ಮೇಲೆ ಸೀಲು ಬಿದ್ದ ಪ್ರತಿಯ ಫೋಟೋ ನಮಗೂ ಕಳಿಸಿ. ಸೀಲು ಹಾಕಲು ಒಪ್ಪದಿದ್ದರೆ ಅದನ್ನೂ ತಿಳಿಸಿ. ಎಸ್ಪಿಗೆ ಬರೆಯುವ ಅರ್ಜಿಯನ್ನು ನಮ್ಮ ಕಾನೂನು ಅಂಕಣದ ವಕೀಲರು ಬರೆದುಕೊಡುತ್ತಾರೆ, ಅವರ ಜೊತೆ ಮಾತಾಡಿದ್ದೇನೆ.

– ಸಂಪಾದಕ