ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿಯ ಹೊಸ ತಲೆಮಾರು ಬಂದರೆ ವಿನ್ಯಾಸದಲ್ಲಿ ಏನು ಬದಲಾಗಬಹುದು?

ಮೂತಿ ಇನ್ನಷ್ಟು ನುಣುಪಾಗುತ್ತದೆ ಅನ್ನೋದು ನನ್ನ ಊಹೆ. 2020ರ ಮೊದಲ ನೆಕ್ಸಾನ್ ಇವಿ ನೋಡಲು ಹೆಚ್ಚುಕಡಿಮೆ ಪೆಟ್ರೋಲ್ ಕಾರಿನಂತೆಯೇ ಇತ್ತು. 2023ರಲ್ಲಿ ಮುಖವೇ ಬೇರೆಯಾಯಿತು, ಮುಂದೆ ಅಡ್ಡಲಾಗಿ ಎಲ್‌ಇಡಿ ಪಟ್ಟಿ ಬಂತು. ಇಂಜಿನ್ ಇಲ್ಲದ ಗಾಡಿಗೆ ಗಾಳಿ ಒಳಬಿಡುವ ದೊಡ್ಡ ಗ್ರಿಲ್ (ಮುಂದಿನ ಜಾಲರಿ) ಬೇಕಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕಲಬುರಗಿಯಿಂದ ಹುಮನಾಬಾದ್ ಕಡೆ ಹೈವೇ ಹಿಡಿದವರಿಗೆ ನುಣುಪು ಮೈಯ ಲಾಭ ರೇಂಜ್‌ನಲ್ಲೇ, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರದಲ್ಲೇ ಕಾಣುತ್ತದೆ. ಊರೊಳಗೆ ಅಷ್ಟು ಫರಕು ಗೊತ್ತಾಗಲ್ಲ.

ಬಾಗಿಲಿನ ಹಿಡಿಕೆ ಟಾಟಾದ್ದೇ ಇನ್ನೊಂದು ಕಾರು ಕರ್ವ್ ಇವಿಯಲ್ಲಿದ್ದಂತೆ ಒಳಗೆ ಅಡಗಬಹುದು. ನನಗೆ ಇದು ಬೇಡ. ಅಪಘಾತವಾದಾಗ ಹೊರಗಿನವರು ಬಾಗಿಲು ತೆಗೆಯುವುದು ಸುಲಭವಾಗಿರಬೇಕು. ಚೀನಾ ಇದೇ ಕಾರಣಕ್ಕೆ 2027ರಿಂದ ಹೊಸ ಮಾದರಿಯ ಕಾರುಗಳಿಗೆ ಕೈಯಿಂದ ಎಳೆದು ತೆಗೆಯುವಂಥ ಹಿಡಿಕೆ ಕಡ್ಡಾಯ ಮಾಡಿದೆ. ಎರೆಮಣ್ಣಿನ ಧೂಳು ಆ ಸಂದಿಯಲ್ಲಿ ಕೂತರಂತೂ ಕಷ್ಟವೇ.

ಇಡೀ ಚಾವಣಿಗೆ ಗಾಜು ಹಾಕಿದರೆ ನಮ್ಮ ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಎಸಿಗೆ ಕೆಲಸ ಹೆಚ್ಚು, ಎಸಿ ಓಡುವುದೂ ಅದೇ ಬ್ಯಾಟರಿಯಿಂದ. ಗಾಳಿ ಸೀಳಲೆಂದು ಗಾಡಿಯನ್ನು ತಗ್ಗಿಸುವುದೂ ಬೇಡ. ಬ್ಯಾಟರಿ ಇರುವುದು ನೆಲದಡಿಯಲ್ಲೇ, ನಮ್ಮ ಹಳ್ಳಿ ರಸ್ತೆಗಳ ಹಂಪ್ ನೋಡಿದವರಿಗೆ ಈ ಭಯ ಗೊತ್ತು.