ಆ ದಪ್ಪ ಬಿಳಿ ಹುಳ ಹೊಸಕಬೇಡಿ

ಪ್ರಶ್ನೆ: ಹಿತ್ತಲಿನ ದಾಸವಾಳಕ್ಕೆ ಹಿಟ್ಟು ತಿಗಣೆ (ಗಿಡದ ರಸ ಹೀರುವ, ಬಿಳಿ ಹಿಟ್ಟು ಮೆತ್ತಿದಂತಿರುವ ಕೀಟ) ಹತ್ತಿತ್ತು. ಪರಿಚಯದವರು ಕೊಟ್ಟ ಗುಲಗಂಜಿ ಹುಳ ತಂದು ಬಿಟ್ಟೆವು. ಮೂರು ವಾರ ಆಯ್ತು, ಈಗ ಇನ್ನೂ ದಪ್ಪ ಬಿಳಿ ಹುಳ ಓಡಾಡುತ್ತಿವೆ. ಅತ್ತೆ ದಿನಾ ಹೊಸಕಿ ಹಾಕುತ್ತಿದ್ದಾರೆ. ಔಷಧಿ ಹೊಡೆಯಬೇಕಾ? ಇವು ನಾಳೆ ಅಡಿಕೆ, ಮೆಣಸಿಗೆ ಬಿದ್ದರೆ ಏನು ಗತಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಅತ್ತೆಯವರಿಗೆ ಹೊಸಕೋದು ನಿಲ್ಲಿಸಲು ಹೇಳಿ. ಆ ದಪ್ಪ ಹುಳಗಳು ನೀವೇ ಬಿಟ್ಟ ಗುಲಗಂಜಿ ಹುಳದ ಮರಿಗಳಿರಬೇಕು! ಹಿಟ್ಟು ತಿಗಣೆ ತಿನ್ನಲಿ ಅಂತ ಸಾಮಾನ್ಯವಾಗಿ ಬಿಡುವುದು ಕ್ರಿಪ್ಟೋಲೀಮಸ್ ಎಂಬ ಜಾತಿ. ಬೆಳೆದ ಹುಳ ಕಪ್ಪಗೆ, ತಲೆ ಕಡೆ ಕಿತ್ತಳೆ ಬಣ್ಣ. ಮರಿ ಮಾತ್ರ ನೋಡೋಕೆ ತಿಗಣೆಯ ಹಾಗೇ. ನಾನೂ ಒಂದು ವರ್ಷ ಪೈಪ್ ಹಿಡಿದು ಇಂಥವನ್ನೆಲ್ಲ ತೊಳೆದುಬಿಟ್ಟಿದ್ದೆ, ಆಮೇಲೆ ಗೊತ್ತಾಗಿ ತುಂಬಾ ಬೇಜಾರಾಯ್ತು. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ತಿಗಣೆ ಗುಂಪಾಗಿ ಒಂದೇ ಕಡೆ ಅಂಟಿಕೊಂಡಿರುತ್ತದೆ. ಮರಿ ಅದಕ್ಕಿಂತ ದೊಡ್ಡದು, ಮೈಮೇಲೆ ಹತ್ತಿಯ ಎಳೆ ಜೋತುಬಿದ್ದ ಹಾಗಿರುತ್ತದೆ, ಕಡ್ಡಿ ತಾಗಿಸಿದರೆ ಸರಸರ ನಡೆಯುತ್ತದೆ.

ಅಡಿಕೆ, ಮೆಣಸಿಗೆ ಇದರಿಂದ ತೊಂದರೆ ಇಲ್ಲ, ಇದು ಗಿಡ ತಿನ್ನುವ ಹುಳ ಅಲ್ಲ. 1898ರಲ್ಲೇ ಕಾಫಿಯ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ಇದನ್ನು ನಮ್ಮ ದೇಶಕ್ಕೆ ತಂದಿದ್ದರು.

ಆದರೂ ನಿಮ್ಮ ಭಯ ಸುಮ್ನೆ ಅಲ್ಲ. ಅದೇ ಆಸ್ಟ್ರೇಲಿಯಾದಲ್ಲಿ 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಹೊರಗಿನ ಕಪ್ಪೆ ತಂದು ಬಿಟ್ಟರು. ಅದು ದುಂಬಿ ಬಿಟ್ಟು ಸಿಕ್ಕಿದ್ದೆಲ್ಲ ತಿಂದಿತು, ಅದರ ಮೈಯಲ್ಲಿ ವಿಷ ಇದ್ದದ್ದರಿಂದ ಅದನ್ನು ತಿಂದ ಹಾವು, ಉಡಗಳೂ ಸತ್ತವು. ಎಲ್ಲವನ್ನೂ ತಿನ್ನುವ ಜೀವಿ ತಂದರೆ ಹೀಗೇ ಆಗೋದು. ಆದರೆ 2010ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆಗೆ ನಮ್ಮಲ್ಲಿ ಬಿಟ್ಟದ್ದು ಆ ತಿಗಣೆಯನ್ನೇ ಹುಡುಕಿ, ಅದರ ಮೈಯೊಳಗೆ ಮೊಟ್ಟೆ ಇಟ್ಟು ಕೊಲ್ಲುವ ಸಣ್ಣ ಕಣಜ, ಅದೂ ಮೊದಲು ಪರೀಕ್ಷೆ ಮಾಡಿ. ಹಾಗಾಗಿ ಯಾರೋ ಕೊಟ್ಟರು ಅಂತ ಹೆಸರು ಗೊತ್ತಿಲ್ಲದ ಹುಳ ತಂದು ಬಿಡಬೇಡಿ.

ಔಷಧಿ ಈಗ ಬೇಡವೇ ಬೇಡ. ತಿಗಣೆಗಿಂತ ಮೊದಲು ಈ ಮರಿಗಳೇ ಸಾಯಬಹುದು. ಅದರ ಬದಲು ಕಾಂಡ ನೋಡಿ, ಇರುವೆ ಸಾಲು ಇದೆಯಾ? ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ಬುಡದ ಹತ್ತಿರ ಕಾಂಡಕ್ಕೆ ಅಗಲ ಟೇಪ್ ಸುತ್ತಿ, ಅದರ ಮೇಲೆ ಗ್ರೀಸ್ ಹಚ್ಚಿ. ಗೋಡೆಗೆ, ಬೇಲಿಗೆ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ಕಡೆಯಿಂದ ಹತ್ತುತ್ತದೆ. ತಿಗಣೆ ಮುಗಿದರೆ ಹುಳ ಅಲ್ಲಿ ನಿಲ್ಲೋದಿಲ್ಲ, ಮುಂದೆ ಮತ್ತೆ ತಿಗಣೆ ಬಂದರೆ ಮತ್ತೆ ಬಿಡಬೇಕಾಗಬಹುದು. ಆಗ ಜಡಿಮಳೆಯಲ್ಲಿ ಬಿಡಬೇಡಿ, ಮಳೆ ಹೊಳವಾದ ಮೇಲೆ ಸಂಜೆ ಹೊತ್ತು ಬಿಡಿ.